ಎರಡನೆಯವಳು ಎಲ್ಲಿ?

ನಮ್ಮ ಶಾಲೆಯ ಏಳನೇ ತರಗತಿಯ ಗೋಡೆಗೆ ಒಂದು ಚಾರ್ಟು ತೂಗುಹಾಕಿದ್ದೇವೆ. 'ಮಹಿಳೆಯರಲ್ಲಿ ಮೊದಲಿಗರು' ಎಂಬುದು ಅದರ ತಲೆಬರಹ. ಮೊದಲ ಮಹಿಳಾ ಪ್ರಧಾನಿ, ಮೊದಲ ಮಹಿಳಾ ರಾಷ್ಟ್ರಪತಿ, ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ, ಹೀಗೆ ಒಂದರ ಕೆಳಗೊಂದು ಹೆಸರುಗಳು. ಕ್ವಿಜ್ ಸ್ಪರ್ಧೆಯ ಹಿಂದಿನ ದಿನ ಮಕ್ಕಳು ಅದರ ಮುಂದೆ ನಿಂತು ಮಗ್ಗಿ ಒಪ್ಪಿಸುವಂತೆ ಬಾಯಿಪಾಠ ಮಾಡುತ್ತಾರೆ. ಆ ಚಾರ್ಟು ಬರೆದವಳು ನಾನೇ. ಬಣ್ಣದ ಸ್ಕೆಚ್ ಪೆನ್ನಿನಲ್ಲಿ, ಎರಡು ಭಾನುವಾರ ಕೂತು.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮಿಸ್, ಎರಡನೆಯವಳು ಯಾರು?"

ತರಗತಿಯೆಲ್ಲ ಗೊಳ್ಳೆಂದಿತು. 'ಎರಡನೆಯವಳು' ಎಂದರೆ ನಮ್ಮ ಊರುಗಳಲ್ಲಿ ಏನರ್ಥ ಎಂದು ನಿಮಗೆ ಗೊತ್ತಲ್ಲ? ಏಳನೇ ತರಗತಿಯ ಮಕ್ಕಳಿಗೂ ಗೊತ್ತು. ನಾನೂ ನಕ್ಕು, "ಕೂತ್ಕೋ, ಪರೀಕ್ಷೆಗೆ ಅದೆಲ್ಲ ಬರೋದಿಲ್ಲ" ಎಂದೆ. ಹುಡುಗಿ ಕೂತಳು. ಅವಳ ಪ್ರಶ್ನೆ ಕೂರಲಿಲ್ಲ. ಮನೆಗೆ ಬಂದು ಅಕ್ಕಿ ತೊಳೆಯುವಾಗ ಯೋಚಿಸಿದೆ. ಎರಡನೆಯ ಮಹಿಳಾ ರಾಷ್ಟ್ರಪತಿ ಸಿಕ್ಕಿದ್ದಾರೆ. 2007ರಲ್ಲಿ ಮೊದಲನೆಯವರು, 2022ರಲ್ಲಿ ಎರಡನೆಯವರು. ಆದರೆ 1966ರಲ್ಲಿ ಬಂದ ಮೊದಲ ಮಹಿಳಾ ಪ್ರಧಾನಿಯ ನಂತರ? ಆ ಜಾಗ ಇನ್ನೂ ಖಾಲಿ. ಮೊದಲನೆಯವಳ ಹೆಸರನ್ನು ದೊಡ್ಡದಾಗಿ ಬರೆದು, ಹಾರ ಹಾಕಿ, ಬಾಗಿಲು ಮುಚ್ಚಿಬಿಡುವುದು ನಮಗೆ ಎಷ್ಟು ಸುಲಭದ ಕೆಲಸ!

ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದ ದಿನಗಳಲ್ಲೇ ನನಗೆ ಸಾರಾ ಗೋಮೆಸ್ ಎಂಬ ಹೆಣ್ಣುಮಗಳ ಪರಿಚಯವಾದದ್ದು. ದಸರಾ ರಜೆಗೆಂದು ಬಂದಿದ್ದ ಮಗಳು, "ಅಮ್ಮಾ, ನಿನ್ನ ಹಾಗೇ ಒಬ್ಬಳು ಟೀಚರು ಇರೋ ಸಿನಿಮಾ" ಎಂದು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟಳು. ಕ್ಯೂಬಾ ದೇಶದ ಕಪ್ಪು ಬಿಳುಪು ಚಿತ್ರ. ಭಾಷೆ ಸ್ಪಾನಿಷ್, ಕೆಳಗೆ ಇಂಗ್ಲಿಷ್ ಸಾಲುಗಳು. ಹೆಸರು 'ದೆ ಸಿಯೆರ್ತಾ ಮನೇರಾ'. ನಮ್ಮ ಮಾತಿನಲ್ಲಿ 'ಒಂದು ರೀತಿಯಲ್ಲಿ' ಎನ್ನಬಹುದು. ಒಂದೂಕಾಲು ಗಂಟೆಯ ಚಿತ್ರ. ಮುಗಿದ ಮೇಲೆ ನಾನು ಒಲೆಯ ಮೇಲೆ ಹಾಲಿಟ್ಟದ್ದನ್ನೂ ಮರೆತು ಕೂತಿದ್ದೆ. ಹಾಲು ಉಕ್ಕಿ ಹೋಗಿತ್ತು.

ಸಾರಾ ಗೋಮೆಸ್ ಕ್ಯೂಬಾದಲ್ಲಿ ಪೂರ್ಣಾವಧಿ ಕಥಾಚಿತ್ರ ನಿರ್ದೇಶಿಸಿದ ಮೊದಲ ಮಹಿಳೆ. ನೋಡಿ, ಮತ್ತೆ ಅದೇ 'ಮೊದಲ ಮಹಿಳೆ'! ಅವಳನ್ನೂ ನನ್ನ ಚಾರ್ಟಿಗೆ ಸೇರಿಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಬಾರದು ಎಂದೇ ಈ ಲೇಖನ.

1942ರಲ್ಲಿ ಹವಾನಾ ನಗರದ ಗ್ವಾನಾಬಕೋವಾ ಎಂಬ ಹಳೆಯ ಭಾಗದಲ್ಲಿ ಅವಳು ಹುಟ್ಟಿದಳು. ಕಪ್ಪು ಜನಾಂಗದ ಮಧ್ಯಮ ವರ್ಗದ ಮನೆ. ಮನೆತನದಲ್ಲಿ ಸಂಗೀತಗಾರರಿದ್ದರು. ಹುಡುಗಿಗೆ ಪಿಯಾನೋ ಕಲಿಸಿದರು. ಒಪ್ಪ ಓರಣ, ಇಸ್ತ್ರಿ ಹಾಕಿದ ಬಟ್ಟೆ, ಯಾರ ಜೊತೆ ಸೇರಬೇಕು ಯಾರ ಜೊತೆ ಸೇರಬಾರದು ಎಂಬ ಲೆಕ್ಕಾಚಾರ. ನಮ್ಮ ಕಡೆಯ 'ಮರ್ಯಾದಸ್ಥರ ಮನೆ'ಗಳನ್ನು ನೆನಪಿಸಿಕೊಳ್ಳಿ, ಅರ್ಥವಾಗುತ್ತದೆ. ಅವಳು ಹದಿನಾರು ವರ್ಷದವಳಿದ್ದಾಗ, 1959ರ ಜನವರಿಯಲ್ಲಿ, ಕ್ರಾಂತಿ ಗೆದ್ದಿತು. ಅದೇ ಮಾರ್ಚಿನಲ್ಲಿ ಹೊಸ ಸರ್ಕಾರ ಒಂದು ಚಲನಚಿತ್ರ ಸಂಸ್ಥೆಯನ್ನು ಕಟ್ಟಿತು. ಸಾರಾ ಮೊದಲು ಪತ್ರಿಕೆಯೊಂದರಲ್ಲಿ ಕೆಲಸ ಮಾಡಿ, 1961ರಲ್ಲಿ ಆ ಚಿತ್ರಸಂಸ್ಥೆಗೆ ಸೇರಿದಳು.

ಆ 1961 ಎಂಬ ವರ್ಷವನ್ನು ನಾವು ಶಿಕ್ಷಕಿಯರು ಮರೆಯಬಾರದು. ಆ ವರ್ಷ ಕ್ಯೂಬಾದಲ್ಲಿ ದೊಡ್ಡ ಸಾಕ್ಷರತಾ ಆಂದೋಲನ ನಡೆಯಿತು. ಸುಮಾರು 1,00,000 ಎಳೆಯರು ಲಾಟೀನು, ಪುಸ್ತಕ ಹಿಡಿದು ಹಳ್ಳಿಗಳಿಗೆ ಹೋದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹುಡುಗಿಯರು. ಅಪ್ಪನ ಅನುಮತಿಯಿಲ್ಲದೆ ಬೀದಿಯ ತುದಿಗೂ ಹೋಗದಿದ್ದ ಹುಡುಗಿಯರು ಬೆಟ್ಟದ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಇದ್ದು, ಅಜ್ಜಂದಿರಿಗೆ ಅಕ್ಷರ ಕಲಿಸಿದರು. ಒಂದೇ ವರ್ಷದಲ್ಲಿ 7,00,000ಕ್ಕೂ ಹೆಚ್ಚು ಜನ ಓದು ಬರಹ ಕಲಿತರು. ಅಂದರೆ, ಮೇಷ್ಟರ ಕೆಲಸಕ್ಕೆ ಹೆಣ್ಣುಮಕ್ಕಳು ಬೇಕಾದಾಗ ಲೆಕ್ಕವಿಲ್ಲದಷ್ಟು ಸಿಕ್ಕಿದರು. ಆದರೆ ಅದೇ ವರ್ಷಗಳಲ್ಲಿ ಅದೇ ದೇಶದ ಚಿತ್ರಸಂಸ್ಥೆಯಲ್ಲಿ ನಿರ್ದೇಶಕಿಯ ಸ್ಥಾನಕ್ಕೆ ಬಂದವಳು ಸಾರಾ ಒಬ್ಬಳೇ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕ್ಯಾಮೆರಾದ ಮುಂದೆಯೂ ಅವಳು ಒಮ್ಮೆ ಬಂದಿದ್ದಾಳೆ. ಫ್ರಾನ್ಸಿನ ಆನ್ಯೆಸ್ ವಾರ್ದಾ ಎಂಬ ಪ್ರಸಿದ್ಧ ನಿರ್ದೇಶಕಿ ಕ್ಯೂಬಾಕ್ಕೆ ಬಂದು ಸಾವಿರಾರು ಫೋಟೋ ತೆಗೆದು, ಅವುಗಳನ್ನೇ ಜೋಡಿಸಿ 1963ರಲ್ಲಿ ಅರ್ಧ ಗಂಟೆಯ ಚಿತ್ರ ಮಾಡಿದಳು. ಆಗ ಅವಳಿಗೆ ಸಹಾಯಕಿಯಾಗಿದ್ದವಳು ಸಾರಾ. ಆ ಚಿತ್ರದ ಕೊನೆಯಲ್ಲಿ ಸಾರಾ ಕುಣಿಯುತ್ತಾಳೆ. ನಿಂತ ಚಿತ್ರಗಳೇ ಕುಣಿದಂತೆ ಕಾಣುತ್ತವೆ. ಇಪ್ಪತ್ತರ ಹುಡುಗಿ, ಮುಖದ ತುಂಬ ನಗು. ಅದನ್ನು ನೋಡಿದರೆ ಇವಳಿಗೆ ನಟಿಯಾಗುವುದು ಕಷ್ಟವಿರಲಿಲ್ಲ ಎನಿಸುತ್ತದೆ. ಕ್ಯಾಮೆರಾದ ಮುಂದೆ ಹೆಣ್ಣಿಗೆ ಎಲ್ಲ ದೇಶಗಳಲ್ಲೂ ಜಾಗವಿದೆ. ಅವಳು ಹೋದದ್ದು ಹಿಂದಕ್ಕೆ.

1964ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಅವಳು ಹತ್ತಕ್ಕೂ ಹೆಚ್ಚು ಸಾಕ್ಷ್ಯಚಿತ್ರಗಳನ್ನು ಮಾಡಿದಳು. 1966ರದ್ದು ತನ್ನ ಸ್ವಂತ ಮನೆತನದ ಬಗ್ಗೆ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿ ಮಾತಾಡಿಸುತ್ತಾಳೆ, ಹಳೆಯ ಫೋಟೋಗಳನ್ನು ತೋರಿಸುತ್ತಾಳೆ. ಆಮೇಲೆ ಮೆಲ್ಲನೆ ಒಂದು ಪ್ರಶ್ನೆ ಎತ್ತುತ್ತಾಳೆ: ನಾವು ಉಳಿದ ಕಪ್ಪು ಜನರಿಗಿಂತ ಬೇರೆ, ಅವರಿಗಿಂತ ಮೇಲು ಎಂದು ತೋರಿಸಿಕೊಳ್ಳುವ ಈ ಹಂಬಲವನ್ನು ನಾವು ಬಿಡಬೇಕಲ್ಲವೇ? ಹೊರಗಿನವರನ್ನು ಟೀಕಿಸುವುದು ಸುಲಭ. ತನ್ನ ಮನೆಯ ಪಡಸಾಲೆಯಲ್ಲಿ, ತನ್ನ ಹಿರಿಯರನ್ನು ಪ್ರೀತಿಸುತ್ತಲೇ ಈ ಪ್ರಶ್ನೆ ಕೇಳುವುದಕ್ಕೆ ಗುಂಡಿಗೆ ಬೇಕು.

ಇನ್ನೊಂದು 1968ರದ್ದು. ಪಿನೋಸ್ ದ್ವೀಪ ಎಂದು ಆಗ ಕರೆಯುತ್ತಿದ್ದ ಜಾಗಕ್ಕೆ ಕೆಲಸಕ್ಕೆಂದು ಬಂದ ಯುವಕ ಯುವತಿಯರ ಚಿತ್ರ. ಅದರಲ್ಲಿ ಒಬ್ಬ ಕಪ್ಪು ಯುವಕನಿದ್ದಾನೆ. ಒಪೆರಾ ಹಾಡುಗಾರ. ತನ್ನ ಬಣ್ಣದಿಂದಾಗಿ ರಂಗದ ಮೇಲೆ ಏನೇನು ಅನುಭವಿಸಿದೆ ಎಂದು ಹೇಳಿಕೊಳ್ಳುತ್ತಾನೆ. ಸಾರಾ ಕ್ಯಾಮೆರಾದ ಹಿಂದೆ ಅಡಗಿ ಕೂರುವುದಿಲ್ಲ, ಅವನ ಪಕ್ಕದಲ್ಲೇ ಕೂತು ಕೇಳುತ್ತಾಳೆ. ಭೇದಭಾವವನ್ನು ಅಳಿಸಿ ಹಾಕಿದ್ದೇವೆ ಎಂದು ಸರ್ಕಾರ ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ ಅದೇ ಸರ್ಕಾರದ ಹಣದಲ್ಲಿ ಇದನ್ನು ತೆಗೆದವಳು ಅವಳು.

ಎಲ್ಲವೂ ತೆರೆಗೆ ಬರಲಿಲ್ಲ. 1972ರಲ್ಲಿ ಅವಳು 'ನನ್ನ ಪಾಲು' ಎಂಬರ್ಥದ ಹೆಸರಿನಲ್ಲಿ, ಕಾರ್ಖಾನೆಗೆ ಹೋಗುವ ಹೆಂಗಸರ ಬಗ್ಗೆ ಒಂದು ಚಿತ್ರ ಮಾಡಿದಳು. ದುಡಿಯಲು ಬನ್ನಿ ಎಂದು ಕರೆಯುತ್ತೀರಿ, ಮಕ್ಕಳನ್ನು ಯಾರು ನೋಡಿಕೊಳ್ಳಬೇಕು, ಅಡುಗೆ ಯಾರು ಮಾಡಬೇಕು ಎಂದು ಅದರಲ್ಲಿ ಹೆಂಗಸರು ನೇರವಾಗಿ ಮಾತಾಡುತ್ತಾರೆ. ಆ ಚಿತ್ರ ಆಗ ಸಾರ್ವಜನಿಕ ಪ್ರದರ್ಶನಕ್ಕೆ ಬರಲೇ ಇಲ್ಲ. "ಅದು ಕಮ್ಯುನಿಸ್ಟ್ ದೇಶ, ಅಲ್ಲಿಂದ ನಾವು ಕಲಿಯುವುದೇನಿದೆ?" ಎಂದು ಮೂಗು ಮುರಿಯುವವರಿಗೂ, "ಅಲ್ಲಿ ಹೆಣ್ಣಿನ ಸಮಸ್ಯೆಯೆಲ್ಲ ಬಗೆಹರಿದಿದೆ" ಎಂದು ಹೊಗಳುವವರಿಗೂ ನನ್ನ ಉತ್ತರ ಇದೊಂದೇ. ಭಾಷಣದಲ್ಲಿ ಹೆಣ್ಣನ್ನು ಮೇಲೆತ್ತಿದವರೇ ಹೆಣ್ಣು ಬಾಯಿಬಿಟ್ಟು ಮಾತಾಡಿದ ಚಿತ್ರವನ್ನು ಡಬ್ಬಿಯಲ್ಲಿಟ್ಟರು. ಬಾವುಟದ ಬಣ್ಣ ಯಾವುದಾದರೇನು, ಡಬ್ಬಿಯ ಮುಚ್ಚಳ ಒಂದೇ.

ಈಗ ಆ ಟೀಚರಿನ ವಿಷಯಕ್ಕೆ ಬರುತ್ತೇನೆ.

ಹವಾನಾದಲ್ಲಿ ಲಾಸ್ ಯಾಗ್ವಾಸ್ ಎಂಬ ದೊಡ್ಡ ಕೊಳೆಗೇರಿಯಿತ್ತು. ಕ್ರಾಂತಿಯ ನಂತರ ಅದನ್ನು ಕೆಡವಿ, ಅಲ್ಲಿನ ಜನರ ಕೈಯಿಂದಲೇ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿದರು. ಸಾರಾಳ ಚಿತ್ರದಲ್ಲಿ ಕಬ್ಬಿಣದ ದೊಡ್ಡ ಗುಂಡೊಂದು ಹಳೆಯ ಗೋಡೆಗಳನ್ನು ಬಡಿದು ಕೆಡವುವುದು ಮತ್ತೆ ಮತ್ತೆ ಬರುತ್ತದೆ. ಗೋಡೆ ಬೀಳುತ್ತದೆ. ಗೋಡೆಯ ಒಳಗಿದ್ದ ಬುದ್ಧಿ ಬೀಳುತ್ತದೆಯೇ? ಇದೇ ಚಿತ್ರದ ಪ್ರಶ್ನೆ.

ಯೋಲಾಂದಾ ಅಲ್ಲಿನ ಮಕ್ಕಳಿಗೆ ಪಾಠ ಹೇಳಲು ಬರುವ ಶಿಕ್ಷಕಿ. ಅನುಕೂಲಸ್ಥರ ಮನೆಯವಳು, ಓದಿದವಳು, ನೇರ ಮಾತಿನವಳು. ಮಾರಿಯೋ ಆ ಕೊಳೆಗೇರಿಯಲ್ಲೇ ಬೆಳೆದು, ಬಸ್ಸು ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುವವನು. ಇಬ್ಬರಿಗೂ ಪ್ರೀತಿಯಾಗುತ್ತದೆ. ಮಾರಿಯೋನ ಗೆಳೆಯನೊಬ್ಬ ತಾಯಿಗೆ ಕಾಯಿಲೆ ಎಂದು ಸುಳ್ಳು ಹೇಳಿ ಕೆಲಸ ತಪ್ಪಿಸಿ, ಒಬ್ಬ ಹೆಂಗಸಿನ ಬಳಿ ಹೋಗಿರುತ್ತಾನೆ. ಗುಟ್ಟು ಮಾರಿಯೋಗೆ ಗೊತ್ತು. ಕಾರ್ಮಿಕರ ಸಭೆಯಲ್ಲಿ ಆ ಗೆಳೆಯ ಮತ್ತೆ ಸುಳ್ಳು ಹೇಳಿದಾಗ ಮಾರಿಯೋ ತಡೆಯಲಾರದೆ ನಿಜ ಹೇಳಿಬಿಡುತ್ತಾನೆ. ಆಮೇಲೆ ಅವನಿಗೆ ಸಂಕಟ. ಏಕೆ? ನಿಜ ಹೇಳಿದ್ದಕ್ಕಲ್ಲ. ಗಂಡಸು ಗಂಡಸನ್ನು ಬಿಟ್ಟುಕೊಟ್ಟನಲ್ಲ, ಹೆಂಗಸಿನ ಹಾಗೆ ನಡೆದುಕೊಂಡೆನಲ್ಲ ಎಂದು! ಅಬಾಕ್ವಾ ಎಂಬ ಗಂಡಸರಷ್ಟೇ ಇರುವ ಹಳೆಯ ಗುಪ್ತ ಸಂಘದ ಕಟ್ಟುಪಾಡುಗಳನ್ನೂ ಸಾರಾ ನಡುನಡುವೆ ವಿವರಿಸುತ್ತಾಳೆ. ಗಂಡಸುತನದ ಆ ಪಾಠ ಎಷ್ಟು ಹಿಂದಿನದು ಎಂದು ತಿಳಿಯಲಿ ಎಂದು.

ಮಾರಿಯೋನ ಪಾತ್ರ ಮಾಡಿದವನು ಮಾರಿಯೋ ಬಾಲ್ಮಸೇದಾ, ಯೋಲಾಂದಾಳ ಪಾತ್ರ ಯೋಲಾಂದಾ ಕ್ವೆಯಾರ್‌ಳದ್ದು. ಅವರ ಸುತ್ತ ಅನೇಕರು ತಮ್ಮ ಪಾತ್ರವನ್ನು ತಾವೇ ಮಾಡಿದ ಸ್ಥಳೀಯ ಜನ. ಕಥೆ ಎಲ್ಲಿ ನಿಂತಿತು, ನಿಜ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದೇ ಇಲ್ಲ. ಒಂದೆಡೆ ಯೋಲಾಂದಾ ನೇರವಾಗಿ ನಮ್ಮತ್ತಲೇ ನೋಡಿ, ಆರನೇ ತರಗತಿ ಮುಗಿಸಿದ ಹುಡುಗಿಯರು ಮುಂದೆ ಏನಾಗುತ್ತಾರೆ ಎಂಬ ಚಿಂತೆಯನ್ನು ಹೇಳಿಕೊಳ್ಳುತ್ತಾಳೆ. ಮದುವೆ, ಮಕ್ಕಳು, ಅಲ್ಲಿಗೆ ಮುಗಿಯಿತು. ಎಷ್ಟು ಸಾವಿರ ಮೈಲಿ ದೂರದ ಟೀಚರು! ಹಾಜರಿ ಪುಸ್ತಕದಲ್ಲಿ ಬೇಸಿಗೆ ರಜೆಯ ನಂತರ ಕೆಂಪು ಗೆರೆ ಎಳೆದು ತೆಗೆದುಹಾಕಿದ ಹುಡುಗಿಯರ ಹೆಸರುಗಳು ನನ್ನ ಕಣ್ಣ ಮುಂದೆ ಬಂದವು.

ಆದರೆ ಸಾರಾ ಆ ಟೀಚರನ್ನೂ ಸುಮ್ಮನೆ ಬಿಡಲಿಲ್ಲ. ತರಲೆ ಹುಡುಗನೊಬ್ಬನ ತಾಯಿಯನ್ನು ಯೋಲಾಂದಾ ಗದರಿಸುತ್ತಾಳೆ. ಒಬ್ಬಳೇ ಮನೆ ನಡೆಸುವ, ದಣಿದು ಹೋದ ತಾಯಿ. ಆಮೇಲೆ ಸಹೋದ್ಯೋಗಿಗಳು ಯೋಲಾಂದಾಳನ್ನು ಕೂರಿಸಿ, ನಿನ್ನ ಮಾತಿನ ಧಾಟಿ ಸರಿಯಿಲ್ಲ ಎನ್ನುತ್ತಾರೆ. ಅವಳಿಗೆ ಸಿಟ್ಟು ಬರುತ್ತದೆ. ನನಗೂ ಬಂತು. ಮರುಕ್ಷಣ ನಾಚಿಕೆಯೂ ಆಯಿತು. ಕೆಲವು ವರ್ಷಗಳ ಹಿಂದೆ ಪೋಷಕರ ಸಭೆಗೆ ಬಾರದ ತಾಯಿಯೊಬ್ಬಳನ್ನು ನಾನು ಎಲ್ಲರೆದುರು, "ಮಗಳ ಮೇಲೆ ಅಷ್ಟೂ ಕಾಳಜಿ ಇಲ್ಲವೇನಮ್ಮ?" ಎಂದಿದ್ದೆ. ಅವಳು ಮೂರು ಮನೆಯ ಪಾತ್ರೆ ತೊಳೆದು ಬಂದು ನನ್ನ ಮುಂದೆ ಒದ್ದೆ ಸೆರಗಿನಲ್ಲಿ ನಿಂತಿದ್ದಳು. ಉತ್ತರ ಕೊಡಲಿಲ್ಲ. ನಾವು ಓದಿದ ಹೆಂಗಸರು ಓದದ ಹೆಂಗಸರ ಮೇಲೆ ಎತ್ತುವ ದನಿಯಿದೆಯಲ್ಲ, ಅದೂ ಬೀಳಬೇಕಾದ ಗೋಡೆಯೇ.

ಈ ಚಿತ್ರ ಮುಗಿಯುವ ಮೊದಲೇ ಸಾರಾ ಮುಗಿದುಹೋದಳು. ಆಸ್ತಮಾ ಅವಳನ್ನು ಬಹಳ ಕಾಲದಿಂದ ಕಾಡುತ್ತಿತ್ತು. 1974ರ ಜೂನ್ 2ರಂದು ಉಬ್ಬಸ ಬಂದು ತೀರಿಕೊಂಡಳು. ವಯಸ್ಸು 31. ಮೂವರು ಮಕ್ಕಳು. ಸಂಕಲನದ ಮೇಜಿನ ಮೇಲೆ ಚಿತ್ರ ಅರೆಬರೆಯಾಗಿ ಉಳಿಯಿತು. ಹಿರಿಯ ನಿರ್ದೇಶಕರಾದ ತೋಮಾಸ್ ಗುತಿಯೆರೆಸ್ ಆಲೇಯಾ, ಹೂಲಿಯೋ ಗಾರ್ಸಿಯಾ ಎಸ್ಪಿನೋಸಾ ಮುಂತಾದವರು ನಿಂತು ಅದನ್ನು ಪೂರ್ತಿ ಮಾಡಿದರು. ತೆರೆಗೆ ಬಂದದ್ದು 1977ರಲ್ಲಿ. ಅವರು ಮಾಡಿದ್ದು ಒಳ್ಳೆಯ ಕೆಲಸ. ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಹೆಣ್ಣಿನ ಕೆಲಸದ ಪಕ್ಕದಲ್ಲಿ ದೊಡ್ಡ ಗಂಡಸರ ಹೆಸರು ಬಂದರೆ ಸಾಕು, "ನಿಜವಾಗಿ ಮಾಡಿದ್ದು ಅವರೇ ಇರಬೇಕು" ಎನ್ನುವ ಬಾಯಿ ಎಲ್ಲ ಊರಿನಲ್ಲೂ ಇರುತ್ತದೆ. ನಾನು ಮೊದಲು ಕೆಲಸ ಮಾಡಿದ ಶಾಲೆಯಲ್ಲಿ ಆರು ವರ್ಷ ವಾರ್ಷಿಕೋತ್ಸವದ ನಾಟಕ ಬರೆದು ಆಡಿಸಿದವಳು ನಾನು. ಆರು ವರ್ಷವೂ ಆಮಂತ್ರಣ ಪತ್ರಿಕೆಯಲ್ಲಿ 'ನಿರ್ದೇಶನ' ಎಂಬಲ್ಲಿ ಅಚ್ಚಾದದ್ದು ಬೇರೆಯವರ ಹೆಸರು. ನನ್ನ ಹೆಸರು 'ಪ್ರಸಾಧನ ಹಾಗೂ ಉಪಾಹಾರ ವ್ಯವಸ್ಥೆ'ಯ ಸಾಲಿನಲ್ಲಿತ್ತು. ಹಾಗಾಗಿ ಸಾರಾಳ ವಿಷಯದಲ್ಲಿ ನಾನು ಹೇಳುವುದು ಇಷ್ಟು: ಅವಳ ಹತ್ತು ವರ್ಷದ ಸಾಕ್ಷ್ಯಚಿತ್ರಗಳನ್ನು ನೋಡಿ. ಅದೇ ಕಣ್ಣು, ಅದೇ ನೇರ ಪ್ರಶ್ನೆ. ಈ ಚಿತ್ರ ಅವಳದ್ದೇ.

ಆಲೇಯಾ ಅವರಿಗೂ ಸಾರಾಳ ಪ್ರಶ್ನೆ ಬಿಡಲಿಲ್ಲ. 1983ರಲ್ಲಿ ಅವರು ಗಂಡಸರ ದರ್ಪದ ಬಗ್ಗೆಯೇ ಒಂದು ಚಿತ್ರ ಮಾಡಿದರು. ಅದರ ಹೆಸರು 'ಒಂದು ಮಿತಿಯವರೆಗೆ' ಎಂದು. ಹಡಗುಕಟ್ಟೆಯ ಕೆಲಸಗಾರನೊಬ್ಬ, ಹೆಣ್ಣು ಗಂಡು ಸಮಾನತೆಯ ಬಗ್ಗೆ ನನ್ನ ಮನಸ್ಸು ಬಹಳ ಮಟ್ಟಿಗೆ ಬದಲಾಗಿದೆ, ಪೂರ್ತಿ ನೂರಕ್ಕೆ ನೂರು ಮಾತ್ರ ಆಗದು, ಸಮಾನತೆ ಸರಿಯೇ, ಆದರೆ ಒಂದು ಮಿತಿಯವರೆಗೆ ಎನ್ನುತ್ತಾನೆ. ಆ ಮಾತೇ ಚಿತ್ರದ ಹೆಸರಾಯಿತು. ಅದರಲ್ಲಿ ಬಂದರಿನಲ್ಲಿ ದುಡಿಯುವ, ಒಬ್ಬಳೇ ಮಗನನ್ನು ಸಾಕುವ ಲೀನಾಳ ಪಾತ್ರ ಮಾಡಿದವಳು ಆಲೇಯಾ ಅವರ ಮಡದಿ, ಖ್ಯಾತ ನಟಿ ಮಿರ್ತಾ ಇಬಾರಾ. ಗಂಡ ತೀರಿಕೊಂಡ ಎಷ್ಟೋ ವರ್ಷಗಳ ನಂತರ, 2008ರಲ್ಲಿ, ಮಿರ್ತಾ ತಾನೇ ಕ್ಯಾಮೆರಾದ ಹಿಂದೆ ನಿಂತು ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದಳು.

'ಒಂದು ಮಿತಿಯವರೆಗೆ.' ಎಂಥ ಮಾತು ನೋಡಿ! ಓದಲಿ, ಒಂದು ಮಿತಿಯವರೆಗೆ. ದುಡಿಯಲಿ, ಒಂದು ಮಿತಿಯವರೆಗೆ. ಆ ಮಿತಿಯ ಗೆರೆ ಎಳೆಯುವವರು ಯಾರು? ಯಾವ ಸೀಮೆಸುಣ್ಣದಲ್ಲಿ?

ಕಾನೂನು ಆ ಗೆರೆಯನ್ನು ಅಳಿಸಲು ನೋಡಿತು. ಸಾರಾ ತೀರಿಕೊಂಡ ಒಂಬತ್ತು ತಿಂಗಳಿಗೆ, 1975ರ ಮಾರ್ಚ್ 8ರಂದು, ಕ್ಯೂಬಾದಲ್ಲಿ ಕುಟುಂಬ ಸಂಹಿತೆ ಜಾರಿಗೆ ಬಂತು. ಮನೆಗೆಲಸ ಮತ್ತು ಮಕ್ಕಳ ಪಾಲನೆ ಗಂಡ ಹೆಂಡತಿ ಇಬ್ಬರ ಕರ್ತವ್ಯ ಎಂದು ಅದು ಬರೆಯಿತು. ಕಾನೂನಿನ ಪುಸ್ತಕದಲ್ಲಿ ಪೊರಕೆ, ಪಾತ್ರೆ, ತೊಟ್ಟಿಲು! ಕೇಳಲು ಎಷ್ಟು ಚೆನ್ನ. ನಾಲ್ಕು ವರ್ಷದ ನಂತರ, 1979ರಲ್ಲಿ, ಪಾಸ್ತೋರ್ ವೇಗಾ ಅವರ 'ತೆರೆಸಾಳ ಚಿತ್ರ' ಬಂತು. ನಿರ್ದೇಶಕರ ಮಡದಿಯೂ ಆಗಿದ್ದ ದೈಸಿ ಗ್ರನಾದೋಸ್ ತೆರೆಸಾಳಾಗಿ ನಟಿಸಿದಳು. ಬಟ್ಟೆ ಗಿರಣಿಯ ಕೆಲಸಗಾರ್ತಿ, ಮೂವರು ಗಂಡುಮಕ್ಕಳ ತಾಯಿ. ನಸುಕಿಗೆ ಎದ್ದು, ಗಂಡ ಮಲಗಿರುವಾಗಲೇ ಅಡುಗೆ, ಇಸ್ತ್ರಿ, ಮಕ್ಕಳ ಸ್ನಾನ ಎಲ್ಲ ಮುಗಿಸಿ ಓಡುವವಳು. ಸಂಜೆ ಕಾರ್ಖಾನೆಯ ನೃತ್ಯ ತಂಡಕ್ಕೆ ನಿಂತರೆ ಗಂಡನಿಗೆ ಸಿಟ್ಟು. ಅವನು ಇನ್ನೊಬ್ಬಳ ಸಂಗ ಮಾಡುತ್ತಾನೆ. ಆಮೇಲೆ ವಾಪಸ್ಸು ಬಾ ಎನ್ನುತ್ತಾನೆ. ನೀನು ಮಾಡಿದ್ದನ್ನೇ ನಾನು ಮಾಡಿದ್ದರೆ ಎಂದು ಅವಳು ಕೇಳುತ್ತಾಳೆ. ಅದೂ ಇದೂ ಒಂದೇ ಅಲ್ಲ ಎನ್ನುತ್ತಾನೆ ಅವನು. ಅವಳು ಎದ್ದು ರಸ್ತೆಯ ಜನಸಂದಣಿಯಲ್ಲಿ ನಡೆದುಹೋಗುತ್ತಾಳೆ. ಪುಸ್ತಕದಲ್ಲಿ ಸಮಾನತೆ ಬರೆದು ನಾಲ್ಕು ವರ್ಷವಾದರೂ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ.

ಇಲ್ಲಿ ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ದೈಸಿ ಇದ್ದಳು, ಮಿರ್ತಾ ಇದ್ದಳು. ನಟಿಯರಿಗೆ ಬರವಿರಲಿಲ್ಲ. ಹೆಣ್ಣಿನ ಕಷ್ಟದ ಕಥೆಗಳಿಗೂ ಬರವಿರಲಿಲ್ಲ. ಅವನ್ನು ಹೇಳಿದವರು ಮಾತ್ರ ಗಂಡಸರು. ಸಾರಾಳ ನಂತರದ ಎರಡನೆಯವಳು ಎಲ್ಲಿ? 1990ರಲ್ಲಿ ಐದು ಸಣ್ಣ ಕಥೆಗಳನ್ನು ಪೋಣಿಸಿದ ಒಂದು ಚಿತ್ರದಲ್ಲಿ ಮೂವರು ಹೆಣ್ಣುಮಕ್ಕಳಿಗೆ ತಲಾ ಒಂದು ತುಣುಕು ಸಿಕ್ಕಿತು. ಅದೇ ಚಿತ್ರಸಂಸ್ಥೆಯಿಂದ ಹೆಣ್ಣೊಬ್ಬಳು ಪೂರ್ತಿ ನಿರ್ದೇಶಿಸಿದ ಕಥಾಚಿತ್ರ ಬರಲು 2009 ಆಗಬೇಕಾಯಿತು. ಅದು ರೆಬೆಕಾ ಚಾವೆಸ್ ಅವರ 'ಕೆಂಪು ನಗರ'. 1974ರಿಂದ ಲೆಕ್ಕ ಹಾಕಿ. 35 ವರ್ಷ! ಹುಟ್ಟಿದ ಮಗು ಬೆಳೆದು ತಾನೇ ತಾಯಿಯಾಗುವಷ್ಟು ಕಾಲ.

"ಪ್ರತಿಭೆ ಇದ್ದರೆ ತಾನಾಗಿ ಮೇಲೆ ಬರುತ್ತಾರೆ, ಯಾರೂ ಹಿಡಿದಿಟ್ಟಿಲ್ಲ" ಎಂದು ನಮ್ಮ ಸ್ಟಾಫ್ ರೂಮಿನಲ್ಲೂ ವಾದಿಸುವವರಿದ್ದಾರೆ. ಅವರಿಗೆ ನಾನು 1961ನ್ನು ತೋರಿಸುತ್ತೇನೆ. ಕರೆದಾಗ ಲಾಟೀನು ಹಿಡಿದು ಬಂದ ಹುಡುಗಿಯರು ಐವತ್ತು ಸಾವಿರಕ್ಕೂ ಹೆಚ್ಚು. ಅಷ್ಟು ಧೈರ್ಯವಂತ ಹುಡುಗಿಯರಿದ್ದ ದೇಶದಲ್ಲಿ ಮುಂದಿನ ಮೂರೂವರೆ ದಶಕ ಪ್ರತಿಭೆ ಮಾತ್ರ ಒಣಗಿಹೋಯಿತೇ? ಒಣಗಿದ್ದು ಕರೆ. ಮೊದಲನೆಯವಳು ತನ್ನ ಬಲದಿಂದ ಗೋಡೆ ಹಾರಿ ಬರುತ್ತಾಳೆ. ಅದು ಅವಳ ಹಿರಿಮೆ. ಎರಡನೆಯವಳು ಬರಬೇಕಾದರೆ ಬಾಗಿಲು ಬೇಕು. ಅದು ನಮ್ಮ ಹೊಣೆ. ಆದ್ದರಿಂದಲೇ 'ಮೊದಲ ಮಹಿಳೆ'ಯನ್ನು ಕಂಡು ಚಪ್ಪಾಳೆ ತಟ್ಟುವುದು ಸುಲಭ. ಅದು ಅವಳ ಬಗ್ಗೆ ಮಾತ್ರ ಹೇಳುತ್ತದೆ. 'ಎರಡನೆಯವಳು' ಎಷ್ಟು ವರ್ಷಕ್ಕೆ ಬಂದಳು ಎಂದು ಕೇಳಿದರೆ ಊರಿನ ಬಣ್ಣ ಬಯಲಾಗುತ್ತದೆ.

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲಿಯೇ ಉದಾಹರಣೆಯಿದೆ. ಆಲೇಯಾ ಮತ್ತು ಹುವಾನ್ ಕಾರ್ಲೋಸ್ ತಾಬಿಯೋ ಸೇರಿ ಮಾಡಿದ 1993ರ ಪ್ರಸಿದ್ಧ ಚಿತ್ರ 'ಸ್ಟ್ರಾಬೆರಿ ಮತ್ತು ಚಾಕೊಲೇಟ್'ನಲ್ಲಿ ಮರಿಲಿನ್ ಸೊಲಾಯಾ ಎಂಬ ಹುಡುಗಿ ಸಣ್ಣ ಪಾತ್ರ ಮಾಡಿದ್ದಳು. ಅದೇ ನಟಿ ಮುಂದೆ ನಿರ್ದೇಶಕಿಯಾದಳು. 2010ರಲ್ಲಿ, ಗಂಡುದೇಹದಲ್ಲಿ ಹುಟ್ಟಿ ಶಸ್ತ್ರಚಿಕಿತ್ಸೆಯಿಂದ ಹೆಣ್ಣಾದವಳೊಬ್ಬಳ ಬಗ್ಗೆ ಸಾಕ್ಷ್ಯಚಿತ್ರ ಮಾಡಿದಳು. 2014ರಲ್ಲಿ ಅದೇ ವಿಷಯದ ಸುತ್ತ 'ಮದುವೆಯ ಉಡುಗೆ' ಎಂಬ ಕಥಾಚಿತ್ರ ಬಂತು. 1994ರ ಹವಾನಾದಲ್ಲಿ ನಡೆಯುವ ಕಥೆ. ಪ್ರೀತಿಸಿ ಮದುವೆಯಾದ ಗಂಡನಿಗೆ ಹೆಂಡತಿಯ ಹಿಂದಿನ ಕಥೆ ತಿಳಿದಾಗ ಅವನ ಪ್ರೀತಿ ಏನಾಗುತ್ತದೆ, ಸುತ್ತಲಿನ ಗಂಡಸರು ಏನಾಗುತ್ತಾರೆ ಎಂಬುದು ಅದರ ವಸ್ತು. ಸಾರಾಳ ಮಾರಿಯೋ ನಲವತ್ತು ವರ್ಷಗಳ ಹಿಂದೆ ಪಟ್ಟ ಅದೇ ಸಂಕಟ: ನಾನು ಗಂಡಸು ಹೌದೋ ಅಲ್ಲವೋ, ನಾಲ್ಕು ಜನ ಏನೆನ್ನುತ್ತಾರೋ! ಒಬ್ಬಳು ಬಿಟ್ಟ ಪ್ರಶ್ನೆಯನ್ನು ಇನ್ನೊಬ್ಬಳು ಎತ್ತಿಕೊಂಡಳು. ಮೊದಲನೆಯವಳಿಗೆ ಸಲ್ಲಬೇಕಾದ ನಿಜವಾದ ಹಾರ ಇದೇ ಅಲ್ಲವೇ?

ಸಾರಾಳ ಚಿತ್ರವೂ ಹೆಚ್ಚುಕಡಿಮೆ ಹಾಳಾಗಿತ್ತು. 2021ರಲ್ಲಿ ಬರ್ಲಿನ್ನಿನ ಒಂದು ಸಂಸ್ಥೆ ಅದನ್ನು ಶುಚಿಗೊಳಿಸಿ ಹೊಸದಾಗಿ ಉಳಿಸಿಕೊಟ್ಟಿತು. ಅದರಿಂದಲೇ ನನ್ನಂಥವಳಿಗೆ ಈ ಮೂಲೆಯ ಊರಿನಲ್ಲಿ ಕೂತು ನೋಡಲು ಸಾಧ್ಯವಾಯಿತು. ಅದರ ಮರುವರ್ಷ, 2022ರ ಸೆಪ್ಟೆಂಬರ್ 25ರಂದು, ಕ್ಯೂಬಾದ ಜನ ಮತ ಹಾಕಿ ಹೊಸ ಕುಟುಂಬ ಸಂಹಿತೆಯನ್ನು ಒಪ್ಪಿದರು. ಮನೆಗೆಲಸಕ್ಕೂ ಆರೈಕೆಗೂ ಹಣದ ಬೆಲೆಯಿದೆ ಎಂದು ಅದು ಹೇಳುತ್ತದೆ. ಬರೆದದ್ದು ಒಳ್ಳೆಯದೇ. ಹೊಸ್ತಿಲು ದಾಟುತ್ತದೆಯೋ ಎಂದು ನೋಡಲು ಇನ್ನೊಬ್ಬ ಸಾರಾ ಬೇಕು.

ಇಷ್ಟೆಲ್ಲ ಆವೇಶದಿಂದ ಬರೆದ ಮೇಲೆ ಒಂದು ತಪ್ಪೊಪ್ಪಿಗೆ ಉಳಿದಿದೆ. ಅದನ್ನು ಮುಚ್ಚಿಟ್ಟರೆ ನನ್ನ ಸಿಟ್ಟಿಗೆ ಬೆಲೆಯಿಲ್ಲ.

ಹದಿನೈದು ವರ್ಷದ ಹಿಂದೆ ನನ್ನ ನಾಟಕಗಳಲ್ಲಿ ಅಭಿನಯಿಸುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅಭಿನಯಕ್ಕಿಂತ ಉಳಿದವರನ್ನು ನಿಲ್ಲಿಸುವುದು, ನಡೆಸುವುದು, ಮಾತು ತಿದ್ದುವುದರಲ್ಲಿ ಅವಳ ಕೈ ಎತ್ತಿದ ಕೈ. ಪಿಯುಸಿ ಮುಗಿದ ಮೇಲೆ ಸಿನಿಮಾ ನಿರ್ದೇಶನ ಕಲಿಯುತ್ತೇನೆ ಎಂದು ಹಟ ಹಿಡಿದಳು. ಅವಳ ತಾಯಿ ದಿಕ್ಕು ತೋಚದೆ ನನ್ನ ಮನೆಗೆ ಬಂದರು. "ನೀವು ಹೇಳಿದರೆ ಕೇಳುತ್ತಾಳೆ ಮಿಸ್, ಏನು ಮಾಡಲಿ?" ಎಂದರು. ಆ ತಾಯಿಯ ಮನಸ್ಸು ತೂಗುಯ್ಯಾಲೆಯಲ್ಲಿತ್ತು. ಹೂಂ ಎಂದಿದ್ದರೆ ಕಳಿಸುತ್ತಿದ್ದರೋ ಏನೋ. ನಾನು ಕಾಫಿ ಕೊಟ್ಟು ಹೇಳಿದೆ: "ನಾಟಕ ಗೀಟಕ ಎಲ್ಲ ಒಂದು ಮಿತಿಯವರೆಗೆ ಚೆಂದ. ಬಿ.ಎಡ್. ಮಾಡಿಸಿಬಿಡಿ."

ಯಾವ ಗಂಡಸೂ ನನ್ನ ಬಾಯಲ್ಲಿ ಆ ಮಾತು ತುರುಕಲಿಲ್ಲ. ಸೀಮೆಸುಣ್ಣ ನನ್ನ ಕೈಯಲ್ಲೇ ಇತ್ತು.

ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿ ಸಿಕ್ಕಳು. ಟೀಚರಾಗಿದ್ದಾಳೆ, ಮದುವೆಯಾಗಿದೆ, ಕಂಕುಳಲ್ಲಿ ಮಗುವಿತ್ತು. "ನೀವು ಹೇಳಿದ್ದೇ ಸರಿಯಾಯ್ತು ಮಿಸ್" ಎಂದು ನಗುತ್ತಾ ನಮಸ್ಕಾರ ಮಾಡಿದಳು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಮ್ಮ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಮೂವತ್ತು ವರ್ಷ ಇದರಲ್ಲೇ ಅನ್ನ ತಿಂದಿದ್ದೇನೆ. ಆದರೆ ಆ ಹುಡುಗಿಗೆ ಇದು ಅವಳು ಆರಿಸಿಕೊಂಡ ಬಾಗಿಲಾಗಿರಲಿಲ್ಲ. ಇನ್ನೊಂದನ್ನು ನಾನು ಮುಚ್ಚಿದ್ದರಿಂದ ಉಳಿದ ಬಾಗಿಲಾಗಿತ್ತು.

ಸಾರಾಳ ಚಿತ್ರದ ಕೊನೆಯಲ್ಲಿ ಮಾರಿಯೋ ಮತ್ತು ಯೋಲಾಂದಾ ಹೊಸ ಕಟ್ಟಡಗಳ ನಡುವೆ ಜಗಳವಾಡುತ್ತಾ ನಡೆದುಹೋಗುತ್ತಾರೆ. ರಾಜಿಯೂ ಇಲ್ಲ, ಬೇರ್ಪಡುವುದೂ ಇಲ್ಲ. ಮಾತು ಮುಗಿಯುವುದಿಲ್ಲ, ಅಷ್ಟೆ. ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಗೂ ಯಾರೋ ಒಬ್ಬ ತಾಯಿ, ಒಬ್ಬ ನಾದಿನಿ, ಒಬ್ಬ ತಂಗಿ ಸಲಹೆ ಕೇಳಿಕೊಂಡು ಬರುತ್ತಾಳೆ. ಬಂದಾಗ ಕಾಫಿ ಕೊಡಿ. 'ಒಂದು ಮಿತಿಯವರೆಗೆ' ಎಂಬ ಮಾತು ನಾಲಿಗೆಯ ತುದಿಗೆ ಬಂದರೆ, ಕಾಫಿಯ ಜೊತೆಗೆ ಅದನ್ನು ನೀವೇ ನುಂಗಿಬಿಡಿ.

ದಸರಾ ರಜೆ ಮುಗಿದು ಶಾಲೆ ತೆರೆದ ದಿನ ನಾನು ಆ ಚಾರ್ಟನ್ನು ಗೋಡೆಯಿಂದ ಇಳಿಸಿದೆ. ಬಲಗಡೆ ಇನ್ನೊಂದು ಹಾಳೆ ಅಂಟಿಸಿ, ಗೆರೆ ಹಾಕಿ, ಮೇಲೆ 'ಎರಡನೆಯವರು' ಎಂದು ಬರೆದೆ. ಅದರ ಪಕ್ಕದಲ್ಲಿ 'ಎಷ್ಟು ವರ್ಷದ ನಂತರ?' ಎಂದು ಇನ್ನೊಂದು ಅಂಕಣ. ಪ್ರಶ್ನೆ ಕೇಳಿದ ಆ ಹಿಂದಿನ ಬೆಂಚಿನ ಹುಡುಗಿಯನ್ನೇ ಕರೆದು ಪೆನ್ನು ಕೊಟ್ಟೆ. ಕೆಲವು ಮನೆಗಳು ತುಂಬಿವೆ. ಹಲವು ಖಾಲಿಯಿವೆ. ಈ ಸಲ ಯಾರೂ ನಗಲಿಲ್ಲ.